ಬಿರಡೆ ಹಾಕಲು ಮರೆತ ದಿನ

14 ನವೆಂಬರ್ 2024, ಗುರುವಾರ

ಬೆಳಿಗ್ಗೆ ಹತ್ತೂವರೆಗೆ ನಮ್ಮ ಹೊಸ ಪಿಎಚ್‌ಡಿ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡೇ ನನ್ನ ರೂಮಿಗೆ ಓಡಿ ಬಂದಳು. "ಮೇಡಂ, ಗೆರೆ ನೆಟ್ಟಗೆ ಬಂದಿದೆ!" ಮುಖದ ತುಂಬ ಖುಷಿ. ನನಗೆ ಮಾತ್ರ ಪಿಚ್ಚೆನಿಸಿತು. ಆ ಗೆರೆ ನೆಟ್ಟಗೆ ಬರಬಾರದು.

ಅವಳು ಅಳೆಯುತ್ತಿದ್ದುದು ನರಕೋಶದ ಮೈಮೇಲೆ ಬಾಗಿಲಿನ ಹಾಗಿರುವ ಎನ್‌ಎಂಡಿಎ ರಿಸೆಪ್ಟರಿನ ಕರೆಂಟು. 22 ವರ್ಷದಿಂದ ನಾನು ಕೂತಿರುವುದೂ ಅದರ ಮುಂದೆಯೇ. "ಇನ್ನೂ ಅದೇ ರಿಸೆಪ್ಟರಾ?" ಅಂತ ಹಳೇ ಗೆಳತಿಯರು ಕೇಳುತ್ತಾರೆ. ಹೌದು, ಅದೇ. ಅದು ಭಾರಿ ಹಟಮಾರಿ. ಒಂದು ನರಕೋಶ ಬಿಟ್ಟ ಗ್ಲುಟಮೇಟ್ ಅನ್ನುವ ಸುದ್ದಿ ಹೊರುವ ರಾಸಾಯನಿಕ ಸುಮಾರು 20 ನ್ಯಾನೋಮೀಟರ್ ಸಂದು ದಾಟಿ ಇನ್ನೊಂದು ಕೋಶಕ್ಕೆ ಬಂದು ಅಂಟಿದರೆ ಪಕ್ಕದ ಎಎಂಪಿಎ ರಿಸೆಪ್ಟರು ತಕ್ಷಣ ತೆರೆದುಕೊಳ್ಳುತ್ತದೆ. ಇದು ಹಾಗಲ್ಲ. ಇದರ ತೂತಿನಲ್ಲಿ ಒಂದು ಮೆಗ್ನೀಸಿಯಂ ಅಯಾನು ಬಿರಡೆ ಹಾಗೆ ಕೂತಿರುತ್ತದೆ. ಕೋಶ ಸುಮ್ನೆ ಮೈನಸ್ 70 ಮಿಲಿವೋಲ್ಟಿನಲ್ಲಿ ಇರುವಾಗ, ಗ್ಲುಟಮೇಟ್ ಬಂದರೂ ಕರೆಂಟು ಹರಿಯುವುದು ತೀರಾ ಕಡಿಮೆ. ಬೇರೆ ಕಡೆಯಿಂದಲೂ ಸುದ್ದಿ ಬಂದು ಕೋಶ ಚುರುಕಾದರೆ ಮಾತ್ರ ಬಿರಡೆ ಕಿತ್ತು ಬರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ನಾವು ಏನಾದರೂ ಕಲಿಯುವಾಗ ನರಕೋಶಗಳ ನಂಟು ಗಟ್ಟಿಯಾಗುವುದಕ್ಕೆ ಈ ಕ್ಯಾಲ್ಸಿಯಂ ಬೇಕು. ಬಿರಡೆಯ ಈ ಗುಟ್ಟನ್ನು 1984ರಲ್ಲಿ ಎರಡು ಗುಂಪುಗಳು ಬೇರೆಬೇರೆಯಾಗಿ ಬಿಡಿಸಿದವು. ಅರಿವಳಿಕೆ ಮದ್ದು ಕೆಟಮಿನ್ ಕೂಡ ಇದೇ ತೂತಿಗೆ ಹೋಗಿ ಕೂರುತ್ತದೆ.

ಹಾಗಾಗಿ ವೋಲ್ಟೇಜು ಏರಿಸುತ್ತಾ ಕರೆಂಟು ಅಳೆದರೆ ಗೆರೆ ಮೊದಲು ಮಲಗಿರಬೇಕು, ಮೈನಸ್ 30ರ ಹತ್ತಿರ ಜೋಲು ಬೀಳಬೇಕು, ಆಮೇಲೆ ಮೇಲೇರಬೇಕು. ಇವಳದ್ದು ಸ್ಕೇಲು ಇಟ್ಟು ಎಳೆದ ಹಾಗಿತ್ತು.

"ಕೋಶಗಳು ಹೇಗಿದ್ದವು?"

"ಎಲ್ಲಾ ಒಟ್ಟಿಗೆ ಫೈರ್ ಆಗ್ತಿದ್ದವು ಮೇಡಂ. ಫಿಟ್ಸ್ ಬಂದ ಹಾಗೆ."

ಇನ್ನು ಅನುಮಾನವೇ ಇರಲಿಲ್ಲ. "ಮೆಗ್ನೀಸಿಯಂ ಹಾಕಿದ್ಯಾ?"

ಅವಳ ಮುಖ ಇಳಿದುಹೋಯಿತು. ಕೋಶಗಳನ್ನಿಡುವ ದ್ರಾವಣದ ರೆಸಿಪಿ ಹಾಳೆ ತಂದು ತೋರಿಸಿದಳು. ನೋಡಿದರೆ ನನ್ನದೇ ಹಳೇ ನೋಟ್‌ಬುಕ್ಕಿನ ಜೆರಾಕ್ಸು! ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಗ್ಯಾಸ್ ಬಿಟ್ಟ ಮೇಲೆ ಕೊನೆಗೆ ಹಾಕುವುದು ನಮ್ಮ ರೂಢಿ. ಮೊದಲೇ ಹಾಕಿದರೆ ಕ್ಯಾಲ್ಸಿಯಂ ಸೇರಿ ನೀರು ಬೆಳ್ಳಗೆ ಕದಡುತ್ತದೆ. ಹಾಗಾಗಿ ಮೆಗ್ನೀಸಿಯಂ ಇದ್ದುದು ಪುಟದ ಕಟ್ಟಕಡೆಯ ಸಾಲಿನಲ್ಲಿ. ಜೆರಾಕ್ಸಿನಲ್ಲಿ ಆ ಸಾಲೇ ಕತ್ತರಿಸಿಹೋಗಿತ್ತು. ಅರ್ಧಂಬರ್ಧ ಉಳಿದಿದ್ದ ತಲೆಕಟ್ಟುಗಳು ನನಗೇ ಓದಲು ಬರಲಿಲ್ಲ.

ನರಗಳು ರಾಸಾಯನಿಕದ ಮೂಲಕ ಸುದ್ದಿ ಕಳಿಸುತ್ತವೆ ಅಂತ ತೋರಿಸಿದ ವಿಜ್ಞಾನಿ ಒಟ್ಟೊ ಲೋವಿ ನೆನಪಾದರು. ಕಪ್ಪೆ ಹೃದಯದ ಪ್ರಯೋಗ ಕನಸಿನಲ್ಲಿ ಹೊಳೆದು, ನಿದ್ದೆಗಣ್ಣಲ್ಲಿ ಚೀಟಿ ಗೀಚಿ, ಬೆಳಿಗ್ಗೆ ತಮ್ಮ ಅಕ್ಷರ ತಮಗೇ ಓದಲು ಬರದೆ ಒದ್ದಾಡಿದವರು. ಪುಣ್ಯಕ್ಕೆ ಮರುದಿನ ರಾತ್ರಿ ಅದೇ ಕನಸು ಮತ್ತೆ ಬಿತ್ತು. 1921ರಲ್ಲಿ ಪ್ರಕಟವಾದ ಆ ಕೆಲಸಕ್ಕೆ 1936ರಲ್ಲಿ ನೊಬೆಲ್ ಬಂತು. ನನ್ನ ಚೀಟಿಯಿಂದ ಆದದ್ದು ಒಂದು ವಾರದ ಕೆಲಸ ಹಾಳು, ಅಷ್ಟೇ.

ನನ್ನ ಮೊದಲ ವರ್ಷದಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ, ಗೈಡ್ ಎರಡು ದಿನ ಮಾತಾಡಿಸಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ. ಸ್ವಲ್ಪ ನಕ್ಕಳು. "ಇವತ್ತಿನ ಮಿದುಳಿನ ಸ್ಲೈಸ್ ಇನ್ನೂ ಚೆನ್ನಾಗಿದೆ. ಈಗಲೇ ಹಾಕಿ ನೋಡೋಣ್ವಾ?" ಅಂದಳು.

ಸಂಜೆಯವರೆಗೂ ಅವಳ ಪಕ್ಕದಲ್ಲೇ ಕೂತೆ. ಗಾಜಿನ ಪಿಪೆಟ್ಟಿನ ಮೊನೆ ಒಂದೆರಡು ಮೈಕ್ರಾನು ಇರಬಹುದು. ಅದನ್ನು ಕೋಶದ ಮೇಲಿಟ್ಟು ಟ್ಯೂಬನ್ನು ಬಾಯಲ್ಲಿ ಮೆಲ್ಲಗೆ ಹೀರಬೇಕು. ಜಾಸ್ತಿ ಹೀರಿದರೆ ಕೋಶ ಹರಿದುಹೋಗುತ್ತದೆ. ಮೂರು ಕೋಶ ಹೋದವು. ನಾಲ್ಕನೆಯದರಲ್ಲಿ ಸ್ಕ್ರೀನಿನ ಮೇಲೆ ರೆಸಿಸ್ಟೆನ್ಸ್ ಸರ್ರನೆ ಏರಿ ಒಂದು ಗಿಗಾಓಮ್ ದಾಟಿತು, ಅಂದರೆ ಮೊನೆ ಕೋಶಕ್ಕೆ ಗಟ್ಟಿಯಾಗಿ ಅಂಟಿತು. ಇನ್ನೊಂದು ಚೂರು ಹೀರಿದಳು, ಒಳಗೆ ದಾರಿ ಆಯಿತು. ಮೊದಲು ನೆಟ್ಟಗಿನ ಗೆರೆ ಇನ್ನೊಮ್ಮೆ ತೆಗೆದಳು. ಆಮೇಲೆ 1 ಮಿಲಿಮೋಲಾರ್ ಮೆಗ್ನೀಸಿಯಂ ಇರುವ ದ್ರಾವಣ ಬಿಟ್ಟಳು.

ಮೈನಸ್ 70ರಲ್ಲಿದ್ದ ಕರೆಂಟು ನಮ್ಮ ಕಣ್ಣೆದುರೇ ಕುಗ್ಗಿತು. ಗೆರೆಗೆ ಜೋಲು ಬಿತ್ತು. ಇಷ್ಟು ವರ್ಷ ಓದಿ, ಪಾಠ ಮಾಡಿ, ಗ್ರಾಂಟಿಗೆ ಬರೆದಿದ್ದೇನೆ. ಆದರೆ ಒಂದೇ ಕೋಶದಲ್ಲಿ ಬಿರಡೆ ಬಂದು ಕೂರುವುದನ್ನು ನೋಡಿ ಎಷ್ಟೋ ವರ್ಷ ಆಗಿತ್ತು.

ಮೆಗ್ನೀಸಿಯಂ ತೊಳೆದು ತೆಗೆದರೆ ಗೆರೆ ಮತ್ತೆ ನೆಟ್ಟಗಾಗುತ್ತಾ ಅಂತಲೂ ನೋಡಬೇಕಿತ್ತು. ಅಷ್ಟರಲ್ಲಿ ಕೋಶ ಸತ್ತಿತು. ಇನ್ನೈದು ನಿಮಿಷ ಇದ್ದಿದ್ದರೆ ಸಾಕಿತ್ತು.