ಈಪರ್‌ಗೆ ಹೊರಡುವ ಮೊದಲು ಹೆಸರು ಹುಡುಕಿ

ಮೊದಲ ಮಹಾಯುದ್ಧದಲ್ಲಿ ಮಡಿದ ಹಿರಿಯರ ಹೆಸರು ನೋಡಲು ಬೆಲ್ಜಿಯಂನ ಈಪರ್‌ಗೆ ಹೋಗುವವರು ಮೊದಲು ಟಿಕೆಟ್ ತೆಗೆಸಿ, ಹೆಸರು ಎಲ್ಲಿದೆ ಎಂಬುದನ್ನು ಅಲ್ಲಿಗೆ ಹೋದ ಮೇಲೆ ಹುಡುಕಹೊರಟರೆ ದಿನವೇ ಕೈತಪ್ಪುತ್ತದೆ. ಅಲ್ಲಿನ ಮೆನಿನ್ ಗೇಟ್‌ನ ಗೋಡೆಗಳಲ್ಲಿ ಸಮಾಧಿ ಸಿಗದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಅವರಲ್ಲಿ ಭಾರತದ ಪಡೆಗಳವರು ಸುಮಾರು ನಾಲ್ಕುನೂರು ಮಂದಿ ಮಾತ್ರ. ಗಡಿಯಾಚೆ ಫ್ರಾನ್ಸ್‌ನ ನವ್ ಶಪೆಲ್ ಸ್ಮಾರಕದಲ್ಲಿ ನಮ್ಮವರ ಹೆಸರುಗಳು 4,700ಕ್ಕೂ ಮಿಕ್ಕಿವೆ.

ಕರ್ನಾಟಕದ ಮನೆತನಗಳು ಇನ್ನೂ ಹಿಂದಿನಿಂದ ಶುರುಮಾಡಬೇಕು. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಕಾದಿದ್ದು ಯುರೋಪಿನಲ್ಲಲ್ಲ, ಈಜಿಪ್ಟ್ ಮತ್ತು ಪ್ಯಾಲೆಸ್ತೀನ್ ಕಡೆ. 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗ ಅವರದು. ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಕಾಣೆಯಾದವರ ಸ್ಮಾರಕ ಬಾಸ್ರಾದಲ್ಲಿದೆ. "ಮುತ್ತಜ್ಜ ಮೊದಲ ಮಹಾಯುದ್ಧಕ್ಕೆ ಹೋದವರು ಬರಲೇ ಇಲ್ಲ" ಎಂಬ ಮಾತು ಮನೆಯಲ್ಲಿದ್ದರೆ, ಯಾವ ಪಡೆ, ಯಾವ ರಣರಂಗ ಎಂಬುದನ್ನು ಖಚಿತ ಮಾಡಿಕೊಳ್ಳುವುದೇ ಮೊದಲ ಕೆಲಸ.

ಹುಡುಕಬೇಕಾದ ಜಾಗ, ಈ ಸೈನಿಕರ ಸಮಾಧಿ ಮತ್ತು ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣ. ಬಳಸಲು ಹಣ ಕೊಡಬೇಕಿಲ್ಲ. ಆದರೆ ಭಾರತೀಯ ಹೆಸರುಗಳಲ್ಲಿ ತೊಡಕಿದೆ. ಆಗಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡದ್ದರಿಂದ ಒಂದೇ ಹೆಸರಿಗೆ ನಾಲ್ಕೈದು ಬಗೆಯ ಕಾಗುಣಿತ ಇರಬಹುದು. ಎಷ್ಟೋ ಜನರಿಗೆ ಒಂದೇ ಹೆಸರು, ಮನೆತನದ ಹೆಸರಿಲ್ಲ. ಹಾಗಾಗಿ ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿ, ಪಡೆ ಮತ್ತು ಸತ್ತ ವರ್ಷದಿಂದ ಜರಡಿ ಹಿಡಿಯಿರಿ. ಸೈನಿಕ ಸಂಖ್ಯೆ ಸಿಕ್ಕರೆ ಅದಕ್ಕಿಂತ ಗಟ್ಟಿ ಆಧಾರ ಬೇರೆ ಇಲ್ಲ. ಅನೇಕ ನಮೂದುಗಳಲ್ಲಿ ತಂದೆಯ ಹೆಸರು ಮತ್ತು ಹಳ್ಳಿಯ ಹೆಸರೂ ಇರುತ್ತವೆ. ತಾಳೆ ನೋಡಬೇಕಾದದ್ದು ಅವನ್ನೇ. ಕೊನೆಗೆ ಸಿಗುವ, ಹೆಸರು ಕೆತ್ತಿರುವ ಫಲಕದ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಸತ್ತ ತಾರೀಕಿಗೂ ಬೆಲೆ ಕೊಡಿ, ಯಾವ ನೆಲದ ಮೇಲೆ ನಿಲ್ಲಬೇಕು ಎಂದು ಹೇಳುವುದು ಅದೇ. 1914ರ ಅಕ್ಟೋಬರ್ ಕೊನೆಯ ದಿನಗಳಾದರೆ ಊರಿನ ದಕ್ಷಿಣಕ್ಕಿರುವ ಹೊಲ್ಲೆಬೆಕೆ ಸುತ್ತಮುತ್ತ. 129ನೇ ಬಲೂಚಿ ಪಡೆಯ ಖುದಾದಾದ್ ಖಾನ್ ಅಕ್ಟೋಬರ್ 31ರಂದು ವಿಕ್ಟೋರಿಯಾ ಕ್ರಾಸ್ ಗಳಿಸಿದ್ದು ಅಲ್ಲೇ. ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ಅದನ್ನು ಪಡೆದ ಮೊದಲ ಭಾರತೀಯ ಸೈನಿಕ ಆತ. 1915ರ ಏಪ್ರಿಲ್ 26 ಎಂದಿದ್ದರೆ ಈಶಾನ್ಯದ ವೀಲ್ಟ್ಯೆ ಕಡೆಯ ಹೊಲಗಳು. ಜರ್ಮನ್ನರು ಕ್ಲೋರಿನ್ ಅನಿಲ ಬಿಟ್ಟ ನಾಲ್ಕನೆಯ ದಿನ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಬಯಲಿನಲ್ಲಿ ಮುನ್ನುಗ್ಗಿತು. ಅದರಲ್ಲಿದ್ದ ಮೀರ್ ದಸ್ತ್‌ಗೆ ವಿಕ್ಟೋರಿಯಾ ಕ್ರಾಸ್ ಬಂದದ್ದು ಆ ದಿನದ ಕೆಲಸಕ್ಕೆ. 1915ರ ಮಾರ್ಚ್ 10ರಿಂದ 13ರೊಳಗಿನ ತಾರೀಕಾದರೆ ನೀವು ಹೋಗಬೇಕಾದ್ದು ಬಹುಮಟ್ಟಿಗೆ ನವ್ ಶಪೆಲ್‌ಗೆ. ಈಪರ್‌ನಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಬಸ್ಸು, ರೈಲು ನೆಚ್ಚಿಕೊಂಡರೆ ಇಡೀ ದಿನ ಹೋಗುತ್ತದೆ.

ಹಿಂದೂ ಮತ್ತು ಸಿಖ್ ಸೈನಿಕರನ್ನು ಸಾಧ್ಯವಾದಲ್ಲೆಲ್ಲ ದಹನ ಮಾಡುತ್ತಿದ್ದರು. ಆದ್ದರಿಂದ ಸಮಾಧಿಕಲ್ಲು ಇಲ್ಲದಿದ್ದರೆ ಗಾಬರಿಯಾಗಬೇಡಿ. ಗಾಯಗೊಂಡು ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳಲ್ಲಿ ಸತ್ತ 53 ಮಂದಿಯ ಚಿತೆ ಉರಿದ ಗುಡ್ಡದ ಮೇಲೆ ಈಗ ಛತ್ರಿ ಸ್ಮಾರಕವಿದೆ. ಅದನ್ನೂ ಸೇರಿಸಿಕೊಳ್ಳುವುದಾದರೆ ಬ್ರಿಟನ್ ವೀಸಾ ಬೇರೆಯೇ ಬೇಕು. ಬೆಲ್ಜಿಯಂ ಮತ್ತು ಫ್ರಾನ್ಸ್ ಎರಡಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ಎಲ್ಲಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು.

ಬ್ರಸೆಲ್ಸ್‌ನಿಂದ ಈಪರ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಫ್ರೆಂಚ್ ನಕಾಶೆಯಲ್ಲಿ ಈ ಊರು ಈಪ್ರ, ರೈಲು ಹಲಗೆಯಲ್ಲಿ ಈಪರ್. ಕೊನೆಯ ನಿಲ್ದಾಣ ಪೋಪರಿಂಗೆ ಎಂದು ಬರೆದ ಗಾಡಿ ಹತ್ತಿ. ಕಾರಿನಲ್ಲಿ ಹೋಗುವವರು ದಾರಿ ತಪ್ಪುವುದೂ ಹೆಸರುಗಳಿಂದಲೇ, ಫ್ಲಾಂಡರ್ಸ್‌ನ ಹಲವು ಹಲಗೆಗಳಲ್ಲಿ ಫ್ರಾನ್ಸ್‌ನ ಲೀಲ್ ನಗರ "ರೈಸೆಲ್" ಆಗಿರುತ್ತದೆ. ಈಪರ್ ನಿಲ್ದಾಣದಿಂದ ಊರಿನ ಚೌಕಕ್ಕೆ ಹತ್ತು ನಿಮಿಷದ ನಡಿಗೆ, ಅಲ್ಲಿಂದ ಮೆನಿನ್ ಗೇಟ್‌ಗೆ ಐದೇ ನಿಮಿಷ.

ಒಂದು ರಾತ್ರಿ ಅಲ್ಲೇ ತಂಗಲೇಬೇಕು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಬ್ರೂಜ್ ನೋಡುವ ದಾರಿಯಲ್ಲಿ ಎರಡು ತಾಸು ಇಳಿದು ಹೋಗುವವರಿಗೆ ಈ ಊರು ದಕ್ಕುವುದಿಲ್ಲ, ಏಕೆಂದರೆ ದಿನದ ತಿರುಳು ರಾತ್ರಿ 8 ಗಂಟೆಗಿದೆ. ಪೊಲೀಸರು ಗೇಟಿನ ಕೆಳಗಿನ ವಾಹನ ಸಂಚಾರ ನಿಲ್ಲಿಸುತ್ತಾರೆ, ಬ್ಯೂಗಲ್ ವಾದಕರು ಮಡಿದವರಿಗೆ ವಿದಾಯ ಹೇಳುವ ಲಾಸ್ಟ್ ಪೋಸ್ಟ್ ರಾಗ ನುಡಿಸುತ್ತಾರೆ. 1928ರಲ್ಲಿ ಶುರುವಾದ ಈ ಕ್ರಮ 1940ರಿಂದ 1944ರ ಜರ್ಮನ್ ಆಕ್ರಮಣದ ವರ್ಷಗಳಲ್ಲಿ ಮಾತ್ರ ಇಲ್ಲಿ ನಿಂತಿತ್ತು. ನಂತರ ಒಂದು ನಿಮಿಷ ಮೌನ, ಪುಷ್ಪಚಕ್ರ ಇಡುವುದು, ಕೊನೆಗೆ ಮತ್ತೊಮ್ಮೆ ಬ್ಯೂಗಲ್. ಚಪ್ಪಾಳೆ ತಟ್ಟುವಂತಿಲ್ಲ; ಮಕ್ಕಳಿಗೆ ಮೊದಲೇ ಹೇಳಿ. ನಿಮ್ಮ ಹಿರಿಯರ ಹೆಸರಿನಲ್ಲಿ ಪುಷ್ಪಚಕ್ರ ಇಡಬೇಕೆಂದರೆ ಲಾಸ್ಟ್ ಪೋಸ್ಟ್ ಅಸೋಸಿಯೇಷನ್‌ನಲ್ಲಿ ವಾರಗಳ ಮೊದಲೇ ನೋಂದಾಯಿಸಿಕೊಳ್ಳಿ. ಬೇಸಿಗೆಯಲ್ಲಿ ಏಳೂಕಾಲಿನ ಹೊತ್ತಿಗೇ ಜನ ತುಂಬಿರುತ್ತಾರೆ.

ಹೆಸರು ನೋಡುವುದನ್ನು ಮಾತ್ರ ಬೆಳಿಗ್ಗೆಯೇ ಮುಗಿಸಿ. ಎತ್ತರದ ಸಾಲುಗಳು ಬರಿಗಣ್ಣಿಗೆ ಕಾಣವು, ಸಣ್ಣದೊಂದು ದುರ್ಬೀನು ಅಥವಾ ಜೂಮ್ ಇರುವ ಕ್ಯಾಮರಾ ಬೇಕು. ಹೆಸರುಗಳು ಕೆಳಗಿನ ಹಜಾರದಲ್ಲಷ್ಟೇ ಅಲ್ಲ, ಎರಡೂ ಬದಿಯ ಮೆಟ್ಟಿಲ ಪಕ್ಕದಲ್ಲೂ ಮೇಲಿನ ಮೊಗಸಾಲೆಯಲ್ಲೂ ಇವೆ. ಭಾರತೀಯ ಪಡೆಗಳ ಪ್ರತ್ಯೇಕ ಸ್ಮಾರಕ ಗೇಟಿನ ದಕ್ಷಿಣಕ್ಕೆ, ಕೋಟೆಯ ಹುಲ್ಲುಹಾಸಿನ ಮೇಲಿದೆ.

ಪೂಜೆಯ ಸಾಮಾನಿನ ವಿಷಯ. ಭಾರತದಿಂದ ಹೂವು ಒಯ್ಯಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಮಣ್ಣಂತೂ ಪೂರ್ಣ ನಿಷಿದ್ಧ. ಅಲ್ಲಿನ ಹಿಡಿ ಮಣ್ಣನ್ನು ಊರಿಗೆ ತರುವುದಕ್ಕೂ ನಮ್ಮ ಕಾನೂನು ಅಡ್ಡಬರುತ್ತದೆ. ಪೇಡೆಯಂಥ ಹಾಲಿನ ಸಿಹಿಗೆ ಪ್ರವೇಶವಿಲ್ಲ. ತೆಂಗಿನಕಾಯಿ, ಬಾಳೆಹಣ್ಣಿಗೆ ಪ್ರಮಾಣಪತ್ರ ಬೇಕಿಲ್ಲ, ಆದರೂ ಅಲ್ಲಿ ಕಾಯಿ ಒಡೆಯಬೇಡಿ. ಫಲಕಗಳು ಪೋರ್ಟ್‌ಲ್ಯಾಂಡ್ ಸುಣ್ಣಕಲ್ಲಿನವು, ಎಣ್ಣೆ, ಕುಂಕುಮ, ಅರಿಶಿನ ಹೀರಿಕೊಂಡರೆ ಕಲೆ ಹೋಗದು. ಹೂವನ್ನು ಈಪರ್‌ನಲ್ಲೇ ಕೊಂಡು, ಪ್ಲಾಸ್ಟಿಕ್ ಬಿಚ್ಚಿ, ಫಲಕದ ಬುಡದಲ್ಲಿ ಇಟ್ಟರೆ ಸಾಕು. ಹೊಲಗಳಲ್ಲಿ ಬಿದ್ದ ತುಕ್ಕು ಕಬ್ಬಿಣವನ್ನು ನೆನಪಿಗೆಂದು ಎತ್ತಲೇಬೇಡಿ. ಸಿಡಿಯದ ಗುಂಡುಗಳು ಇಂದಿಗೂ ನೇಗಿಲಿಗೆ ಸಿಗುತ್ತವೆ.

ನಡುವಿನ ಹೊತ್ತು ಊರು ನೋಡಲು. ಚೌಕದ ಜವಳಿ ಸಭಾಂಗಣ 13ನೇ ಶತಮಾನದ್ದು ಎನ್ನುತ್ತಾರೆ, ಆದರೆ ನೀವು ನೋಡುವ ಗೋಡೆಗಳಲ್ಲಿ ಹೆಚ್ಚಿನವು ಯುದ್ಧದಲ್ಲಿ ನೆಲಸಮವಾದ ಮೇಲೆ ಎದ್ದವು. 1933ರಲ್ಲಿ ಶುರುವಾದ ಮರುನಿರ್ಮಾಣ ಮುಗಿದದ್ದು 1967ರಲ್ಲಿ. ಈ ಊರಿನಲ್ಲಿ ಪ್ರೇಕ್ಷಣೀಯ ಸ್ಥಳ ಬೇರೆ, ಸ್ಮಾರಕ ಬೇರೆ ಎಂದು ವಿಂಗಡಿಸಲಾಗದು. ಒಳಗಿನ ಯುದ್ಧ ವಸ್ತುಸಂಗ್ರಹಾಲಯಕ್ಕೆ ಎರಡೂವರೆ ಗಂಟೆ ಇಡಿ; ಚಳಿಗಾಲದ ಸೋಮವಾರ ಮುಚ್ಚಿರುತ್ತದೆ. ಗಂಟೆಗೋಪುರಕ್ಕೆ 231 ಮೆಟ್ಟಿಲು, ಮಂಡಿ ನೋವಿನವರು ಬಿಡಬಹುದು. ಅವರಿಗೆ ಮೆನಿನ್ ಗೇಟ್‌ನಿಂದ ಲೀಲ್ ಗೇಟ್‌ವರೆಗಿನ ಕೋಟೆಯ ಮೇಲಿನ ನಡಿಗೆ ಹಿತ: ಒಂದು ಕಡೆ ಕಂದಕದ ನೀರು, ತುದಿಯಲ್ಲಿ 198 ಸಮಾಧಿಗಳ ಪುಟ್ಟ ಸ್ಮಶಾನ.

ಮರುದಿನ ಟೈನ್ ಕಾಟ್ ಎಂಬ ಯುದ್ಧ ಸ್ಮಶಾನಕ್ಕೆ ಹೋಗಿ. ಸುಮಾರು 12,000 ಸಮಾಧಿಗಳಿವೆ, 8,000ಕ್ಕೂ ಹೆಚ್ಚಿನವುಗಳ ಮೇಲೆ ಹೆಸರೇ ಇಲ್ಲ. ನಮ್ಮ ವೀರಗಲ್ಲಿನಲ್ಲಿ ವೀರನನ್ನು ದೊಡ್ಡದಾಗಿ ಕೆತ್ತುತ್ತೇವೆ. ಇಲ್ಲಿ ಅಧಿಕಾರಿಗೂ ಸಿಪಾಯಿಗೂ ಒಂದೇ ಎತ್ತರದ ಕಲ್ಲು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಬೆಲ್ಜಿಯಂನಲ್ಲಿ ಆಲೂಗಡ್ಡೆ ಫ್ರೈಸ್ ಕರಿಯಲು ದನದ ಕೊಬ್ಬು ಬಳಸುವ ಅಂಗಡಿಗಳಿವೆ. ಸಸ್ಯದ ಎಣ್ಣೆಯೇ ಎಂದು ಕೇಳಿ ಕೊಳ್ಳಿ.

ಗೋಡೆಯ ಮೇಲಿನ ಕಾಗುಣಿತ ನಿಮ್ಮ ಮನೆಯ ದಾಖಲೆಗಿಂತ ಬೇರೆಯಾಗಿದ್ದರೆ ಫಲಕದ ಸಂಖ್ಯೆ ಕಾಣುವಂತೆ ಫೋಟೋ ತೆಗೆದುಕೊಂಡು ಬನ್ನಿ. ಪಿಂಚಣಿ ಪತ್ರ, ಪದಕದ ಅಂಚಿನ ಮೇಲಿನ ಹೆಸರು ಮತ್ತು ಸಂಖ್ಯೆ, ಇಂಥ ಆ ಕಾಲದ ಪುರಾವೆಯ ಜೊತೆಗೆ ತಿದ್ದುಪಡಿಗಾಗಿ ಕಮಿಷನ್‌ಗೆ ಬರೆಯಬಹುದು.