ಕಳೆಯ ಬೀಜ ಎಲ್ಲಿಗೆ ಹೋಗುತ್ತದೆ?

ಕಳೆ ಅಂದ ಕೂಡಲೇ ಈಗ ಮಾತು ಒಂದೇ ಕಡೆ ಹೋಗುತ್ತದೆ. ಯಾವ ಔಷಧಿ ಹೊಡೆಯಬೇಕು, ಎಕರೆಗೆ ಎಷ್ಟು ಎಂಎಲ್. ರೈತರು ಬೇರೇನು ಮಾಡಿಯಾರು? ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೂ ರಾಗಿ ಮಾರಿ ಬಂದ ದುಡ್ಡಲ್ಲಿ ಜಾಸ್ತಿ ಪಾಲು ಕೂಲಿಗೇ ಹೋಗುತ್ತದೆ. ಆದರೆ ಕಳೆಯ ಬಗ್ಗೆ ಈಚಿನ ವರ್ಷಗಳಲ್ಲಿ ನಡೆದಿರುವ ಸಂಶೋಧನೆ ಓದುತ್ತಾ ಹೋದರೆ ಅಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಈ ವರ್ಷ ನಿಂತಿರುವ ಗಿಡ ಸಾಯಿತೋ ಇಲ್ಲವೋ ಅನ್ನುವಷ್ಟಕ್ಕೆ ಅವರು ಬಿಡುವುದಿಲ್ಲ. ಅದರ ಬೀಜ ಎಲ್ಲಿ ಬಿತ್ತು, ಎಷ್ಟು ವರ್ಷ ಮಣ್ಣಲ್ಲಿ ಜೀವ ಹಿಡಿದಿರುತ್ತದೆ, ಮುಂದಿನ ಮಳೆಗೆ ಎಷ್ಟು ಹುಟ್ಟುತ್ತದೆ ಅಂತ ಲೆಕ್ಕ ಹಾಕುತ್ತಾರೆ. ನಮ್ಮ ಕಡೆ ಈ ಮಾತು ತುಂಬಾ ಕಡಿಮೆ ಅನ್ನಿಸಿ ಬರೆಯುತ್ತಿದ್ದೇನೆ.

ಇದರಲ್ಲಿ ಎಲ್ಲರಿಗಿಂತ ಮುಂದೆ ಹೋದವರು ಆಸ್ಟ್ರೇಲಿಯಾದ ಗೋಧಿ ರೈತರು, ಅದೂ ಬೇರೆ ದಾರಿ ಇಲ್ಲದೆ. ಅವರ ಹೊಲಗಳಲ್ಲಿ ರೈಗ್ರಾಸ್ ಅಂತ ಒಂದು ಹುಲ್ಲು. ಮೊದಲು ಕುರಿಗೆ ಮೇವು ಅಂತ ಬೆಳೆದದ್ದೇ ಆಮೇಲೆ ಗೋಧಿಗೆ ಕಳೆಯಾಯಿತು. 1980ರ ದಶಕದ ಆರಂಭದಲ್ಲೇ ಅದು ಒಂದು ಕಳೆನಾಶಕಕ್ಕೆ ಸಾಯದೆ ಉಳಿಯಿತು. ಇನ್ನೊಂದು ಔಷಧಿ ತಂದರು, ಸ್ವಲ್ಪ ವರ್ಷಕ್ಕೆ ಅದಕ್ಕೂ ಜಗ್ಗಲಿಲ್ಲ. ಹೀಗೆ ಒಂದಾದ ಮೇಲೊಂದು ಔಷಧಿ ಕೈಕೊಟ್ಟ ಮೇಲೆ ಅಲ್ಲಿನ ಸಂಶೋಧಕರು ಮತ್ತು ರೈತರು ಒಂದು ಸರಳ ವಿಷಯ ಗಮನಿಸಿದರು. ಗೋಧಿ ಕೊಯ್ಲಿಗೆ ಬಂದಾಗ ಈ ಹುಲ್ಲಿನ ಬೀಜದಲ್ಲಿ ಬಹುಪಾಲು ಇನ್ನೂ ತೆನೆಯಲ್ಲೇ ಇರುತ್ತದೆ. ಅದು ಗೋಧಿ ಜೊತೆಗೇ, ಕೊಯ್ದು ಕಾಳು ಬೇರೆ ಮಾಡುವ ಕಂಬೈನ್ ಮಷೀನಿನ ಒಳಗೆ ಹೋಗುತ್ತದೆ, ಕಾಳು ಟ್ಯಾಂಕಿಗೆ ಬೀಳುತ್ತದೆ, ಕಳೆಬೀಜ ಹೊಟ್ಟಿನ ಜೊತೆ ಹಿಂದಿನಿಂದ ಹೊರಗೆ ಬಂದು ಇಡೀ ಹೊಲಕ್ಕೆ ಚೆಲ್ಲುತ್ತದೆ. ಅಂದರೆ ಬಾಡಿಗೆ ಕೊಟ್ಟು ಕಳೆಯನ್ನು ನಾವೇ ಬಿತ್ತಿಸಿದಂತಾಯಿತು, ಅಲ್ವಾ?

ಅದಕ್ಕೆ ಅವರು ಹೊಟ್ಟನ್ನು ಹಿಡಿಯಲು ಶುರು ಮಾಡಿದರು. ಕೆಲವರು ಗಾಡಿಯಲ್ಲಿ ತುಂಬಿಸಿ ಹೊರಗೆ ಸಾಗಿಸಿದರು. ಕೆಲವರು ಕಿರಿದಾದ ಸಾಲಾಗಿ ಬೀಳಿಸಿ ಅಲ್ಲೇ ಕೊಳೆಯಲು ಬಿಟ್ಟರು, ಇನ್ನು ಕೆಲವರು ಸಾಲಿಗೆ ಬೆಂಕಿ ಇಟ್ಟರು. ರೇ ಹ್ಯಾರಿಂಗ್ಟನ್ ಅನ್ನುವ ಪಶ್ಚಿಮ ಆಸ್ಟ್ರೇಲಿಯಾದ ರೈತ ಗಣಿಯಲ್ಲಿ ಕಲ್ಲಿದ್ದಲು ಪುಡಿ ಮಾಡುವಂಥ ಯಂತ್ರವನ್ನು ಕಂಬೈನ್ ಹಿಂದೆ ಕಟ್ಟಿ, ಹೊಟ್ಟಲ್ಲಿರುವ ಬೀಜವನ್ನೆಲ್ಲ ಜಜ್ಜಿಹಾಕುವ ಸಾಧನ ಮಾಡಿದ. ಅದರೊಳಗೆ ಹೋದ ರೈಗ್ರಾಸ್ ಬೀಜದಲ್ಲಿ 90%ಗಿಂತ ಜಾಸ್ತಿ ಸಾಯುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಔಷಧಿಯ ಒಂದು ಹನಿ ಇಲ್ಲ. ಒಬ್ಬ ರೈತನ ತಲೆಯಲ್ಲಿ ಹುಟ್ಟಿದ್ದು ವಿಶ್ವವಿದ್ಯಾಲಯದ ಪ್ರಯೋಗಕ್ಕೆ ಹೋಗಿ, ಪಾಸಾಗಿ, ಮತ್ತೆ ಹೊಲಕ್ಕೆ ಬಂತು. ನನಗೆ ಇದು ತುಂಬಾ ಇಷ್ಟವಾದ ವಿಷಯ.

ಹಾಗಂತ ಅದನ್ನೇ ನಂಬಿ ಕೂರುವ ಹಾಗಿಲ್ಲ. ಅಲ್ಲಿಯದೇ ಇನ್ನೊಂದು ಪ್ರಯೋಗದಲ್ಲಿ ಕಾಡು ಮೂಲಂಗಿ ಕಳೆಯಲ್ಲಿ ಬೇಗ ಹೂ ಬಿಟ್ಟ ಗಿಡಗಳ ಬೀಜವನ್ನೇ ಆರಿಸಿ ಬೆಳೆಸುತ್ತಾ ಹೋದರೆ, ಐದು ತಲೆಮಾರಿನಲ್ಲಿ ಹೂ ಬಿಡುವ ಸಮಯ ಸುಮಾರು ಅರ್ಧಕ್ಕೆ ಇಳಿಯಿತು. ಅಂದರೆ ಪ್ರತಿ ವರ್ಷ ಕೊಯ್ಲಿನಲ್ಲಿ ಮಾತ್ರ ಹಿಡಿದರೆ, ಕೊಯ್ಲಿಗೆ ಮೊದಲೇ ಬೀಜ ಉದುರಿಸುವ ಗಿಡಗಳು ಉಳಿದುಕೊಳ್ಳುತ್ತವೆ. ಕೈಯಲ್ಲಿ ಕಿತ್ತರೂ ಇದೇ ಕಥೆ. ಚೀನಾದ ಭತ್ತದ ಗದ್ದೆಗಳಲ್ಲಿ ಕೀಳುವವರ ಕಣ್ಣು ತಪ್ಪಿಸಿ ಉಳಿಯುತ್ತಾ ಉಳಿಯುತ್ತಾ ಒಂದು ಜಾತಿಯ ಕಳೆಹುಲ್ಲು ಭತ್ತದ ಪೈರಿನ ಹಾಗೇ ನೆಟ್ಟಗೆ ಬೆಳೆಯುವಂತಾಗಿದೆ. 2019ರಲ್ಲಿ ಅದರ ಜೀನ್‌ಗಳನ್ನು ಓದಿ ಇದನ್ನು ತೋರಿಸಿದರು. ಒಂದೇ ಉಪಾಯಕ್ಕೆ ಅಂಟಿಕೊಂಡರೆ ಕಳೆ ಅದನ್ನು ದಾಟುತ್ತದೆ, ಆ ಉಪಾಯ ಔಷಧಿಯಾಗಲಿ, ಮಷೀನಾಗಲಿ, ಕೈಯಾಗಲಿ. ಹರಿಯಾಣದ ಗೋಧಿಯಲ್ಲೂ 1990ರ ದಶಕದಲ್ಲಿ ಇದೇ ಆಯಿತು. ವರ್ಷಗಟ್ಟಲೆ ಐಸೊಪ್ರೊಟುರಾನ್ ಅನ್ನುವ ಕಳೆನಾಶಕ ಒಂದನ್ನೇ ಹೊಡೆದರು. ಆಮೇಲೆ ಅಲ್ಲಿನವರು ಮಂಡೂಸಿ ಅನ್ನುವ ಕಳೆ ಎಷ್ಟು ಮುತ್ತಿಕೊಂಡಿತೆಂದರೆ ಕೆಲವರು ಬೆಳೆಯನ್ನು ಹಸಿರಿದ್ದಾಗಲೇ ದನದ ಮೇವಿಗೆ ಕೊಯ್ದುಬಿಟ್ಟರು.

ಈಗ ನಮ್ಮ ರಾಗಿ ಹೊಲಕ್ಕೆ ಬರೋಣ. ಕುಡುಗೋಲಲ್ಲಿ ಕೊಯ್ದು, ಕಂತೆ ಕಟ್ಟಿ, ಮೆದೆ ಹಾಕಿ, ಕಣದಲ್ಲಿ ಬಡಿದು ತೂರುವ ಪದ್ಧತಿಯಲ್ಲಿ, ತೆನೆಯಲ್ಲಿ ಉಳಿದಿದ್ದ ಕಳೆಬೀಜವೂ ಹೊಲ ಬಿಟ್ಟು ಕಣಕ್ಕೆ ಬರುತ್ತಿತ್ತು. ಆಸ್ಟ್ರೇಲಿಯಾದವರು ಅಷ್ಟು ಖರ್ಚು ಮಾಡಿ ಸಾಧಿಸುತ್ತಿರುವುದು ನಮ್ಮಲ್ಲಿ ಸುಮ್ನೆ ತಾನಾಗಿಯೇ ಆಗುತ್ತಿತ್ತು. ಕಣ ಗುಡಿಸಿದ ಹೊಟ್ಟು ಧೂಳು ತಿಪ್ಪೆಗೆ ಹೋಗಿ, ತಿಪ್ಪೆ ಗೊಬ್ಬರದ ಜೊತೆ ಮತ್ತೆ ಹೊಲಕ್ಕೆ ಬರುತ್ತಿತ್ತು ಅನ್ನೋದೂ ನಿಜ. ಅದಕ್ಕೇ ತಿಪ್ಪೆ ಚೆನ್ನಾಗಿ ಕಾಯಬೇಕು. ಒಳಗೆ 55 ರಿಂದ 60 ಡಿಗ್ರಿ ಶಾಖ ಬಂದು ಸ್ವಲ್ಪ ದಿನ ನಿಂತರೆ ಬಹಳಷ್ಟು ಕಳೆಬೀಜ ಸಾಯುತ್ತದೆ, ಆದರೆ ಅಂಚಿನದನ್ನು ಮಗುಚಿ ಒಳಕ್ಕೆ ಹಾಕದಿದ್ದರೆ ಅಂಚಲ್ಲಿರುವ ಬೀಜ ಹಾಗೇ ಉಳಿಯುತ್ತದೆ. ಅರೆಬೆಂದ ಗೊಬ್ಬರ ಹೊಲಕ್ಕೆ ಹೊಡೆಯೋದು ಅಂದರೆ ಕಳೆ ಹೊಡೆಯೋದೇ.

ಈಗ ರಾಗಿಗೂ ಕಂಬೈನ್ ಬಂದಿದೆ. ಬರಲಿ, ಆಳಿಲ್ಲದ ಊರಲ್ಲಿ ಅದು ದೊಡ್ಡ ಉಪಕಾರ. ಆದರೆ ಒಬ್ಬರ ಹೊಲ ಮುಗಿಸಿದ ಮಷೀನು ಒದರದೆ, ಗುಡಿಸದೆ ಪಕ್ಕದೂರಿನ ಹೊಲಕ್ಕೆ ಇಳಿದರೆ ಆ ಹೊಲದ ಕಳೆ ಈ ಹೊಲಕ್ಕೆ ಬರುತ್ತದೆ. ಬಾಡಿಗೆ ಮಾತಾಡುವಾಗಲೇ ಮೊದಲು ಮಷೀನ್ ಕ್ಲೀನ್ ಮಾಡಿಸಿ ಅಂತ ಕೇಳುವುದು ಕಷ್ಟವೇನಲ್ಲ. ಕೊಯ್ಲಿಗೆ ಎರಡು ವಾರ ಮೊದಲು ಹೊಲದಲ್ಲಿ ಒಂದು ಸುತ್ತು ಓಡಾಡಿ ತೆನೆ ಬಿಟ್ಟ ಕಳೆಯನ್ನಷ್ಟೇ ಕಿತ್ತು ಹೊರಗೆ ಹಾಕಿದರೂ ಮುಂದಿನ ವರ್ಷದ ಎಷ್ಟೋ ಕೂಲಿ ಉಳಿಯುತ್ತದೆ. ಆ ಹೊತ್ತಲ್ಲಿ ಕೀಳೋದ್ರಿಂದ ಈ ವರ್ಷದ ಇಳುವರಿಗೆ ಏನೂ ಲಾಭವಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ.

ಹೊಲದಲ್ಲಿ ಕಳೆಯಾಗಿ ಹುಟ್ಟುವ ಅಣ್ಣೆ ಸೊಪ್ಪನ್ನೇ ನೋಡಿ. ಎಳೆಯದಿದ್ದಾಗ ಬೆರಕೆ ಸೊಪ್ಪಿನ ಸಾರಿಗೆ ಹೋದ ಗಿಡ ಬೀಜ ಬಿಡುವುದಿಲ್ಲ. ಕಳೆ ಕೀಳಲು ಹೋದ ಹೆಂಗಸರು ಮಡಿಲು ತುಂಬಾ ಸೊಪ್ಪು ತರುತ್ತಿದ್ದ ಕಾಲದಲ್ಲಿ ಅಡುಗೆಯೂ ಆಗುತ್ತಿತ್ತು, ಹೊಲವೂ ಹಸನಾಗುತ್ತಿತ್ತು. ಮುಂಗಾರಿಗೆ ಮುಂಚಿನ ಮಳೆಗೆ ಕಳೆ ಹುಟ್ಟಲು ಬಿಟ್ಟು, ಆಮೇಲೆ ಹರಗಿ, ಅದರ ಮೇಲೆ ಬಿತ್ತುವುದನ್ನು ಈಗ ಸಂಶೋಧನಾ ಕೇಂದ್ರಗಳೂ ಶಿಫಾರಸು ಮಾಡುತ್ತವೆ. ರಾಗಿ ಸಾಲಿನ ನಡುವೆ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇದ್ದರೆ ನೆಲಕ್ಕೆ ನೆರಳು ಬಿದ್ದು ಆಮೇಲೆ ಹುಟ್ಟಿದ ಕಳೆ ಏಳುವುದಿಲ್ಲ.

ಬೆಳೆ ಬದಲಿಸುವುದರಿಂದ ಏನಾಗುತ್ತದೆ ಅಂತ ಅಮೆರಿಕದ ಅಯೋವಾದಲ್ಲಿ ಚೆನ್ನಾಗಿ ಅಳೆದಿದ್ದಾರೆ. ಮಾರ್ಸ್‌ಡನ್ ಫಾರ್ಮ್ ಅನ್ನುವ ಕಡೆ ಒಂದು ಭಾಗದಲ್ಲಿ ಬರೀ ಮೆಕ್ಕೆಜೋಳ, ಸೋಯಾ. ಇನ್ನೆರಡು ಭಾಗದಲ್ಲಿ ಅದರ ಜೊತೆಗೆ ಓಟ್ಸ್ ಮತ್ತು ಮೇವಿನ ಬೆಳೆ ಸೇರಿಸಿ ಮೂರು, ನಾಲ್ಕು ವರ್ಷದ ಸುತ್ತು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಉದ್ದ ಸುತ್ತಿನ ಹೊಲಗಳ ಲಾಭ ಕಡಿಮೆಯಾಗಿರಲಿಲ್ಲ, ಕಳೆಯೂ ಹತೋಟಿಯಲ್ಲಿತ್ತು, ಕಳೆನಾಶಕದಿಂದ ನೀರಿಗೆ ಸೇರಬಹುದಾದ ವಿಷದ ಪ್ರಮಾಣ ನೂರಾರು ಪಟ್ಟು ಕಡಿಮೆಯಾಗಿತ್ತು. ಕಳೆನಾಶಕ ಪೂರ್ತಿ ಬಿಟ್ಟಿರಲಿಲ್ಲ ಅನ್ನೋದನ್ನು ಗಮನಿಸಿ. ಬೇಕಾದ ಕಡೆ ಸ್ವಲ್ಪ ಬಳಸಿದರು, ಉಳಿದ ಕೆಲಸ ಬೆಳೆಗಳೇ ಮಾಡಿದವು.

ಭತ್ತದ ವಿಷಯದಲ್ಲಿ ಮಾತ್ರ ನನಗೆ ಆತಂಕ ಇದೆ. ರಾಯಚೂರು, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು, ಕೂಲಿ ಉಳಿಸಲು ನಾಟಿ ಬಿಟ್ಟು ಕೂರಿಗೆ ಬಿತ್ತನೆಗೆ ಹೋಗುತ್ತಿದ್ದಾರೆ. ನಿಂತ ನೀರಿಲ್ಲದಿದ್ದರೆ ಕಳೆ ಜಾಸ್ತಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇಮಾಜೆಥಾಪೈರ್ ಅನ್ನುವ ಕಳೆನಾಶಕ ಹೊಡೆದರೂ ಸಾಯದ ಎರಡು ಬಾಸ್ಮತಿ ತಳಿಗಳನ್ನು ಈಗಾಗಲೇ ಬಿಟ್ಟಿದೆ. ಇದು ನಮ್ಮ ಕಡೆಯ ಭತ್ತಕ್ಕೂ ಬಂದರೆ ಮೊದಲು ಕೇಳಬೇಕಾದ್ದು ಗದ್ದೆಯಲ್ಲಿ ಕಳೆಯಾಗಿ ಹುಟ್ಟುವ ಕಾಡು ಭತ್ತದ ಬಗ್ಗೆ. ಅಮೆರಿಕದಲ್ಲಿ ಇಂಥದೇ ಭತ್ತ ಬೆಳೆದ ಕೆಲವೇ ವರ್ಷದಲ್ಲಿ ಆ ಗುಣ ಪರಾಗದ ಮೂಲಕ ಕಳೆ ಭತ್ತಕ್ಕೂ ಹೋಯಿತು, ಆಮೇಲೆ ಔಷಧಿ ಕೆಲಸ ಮಾಡಲಿಲ್ಲ. ಬೀಜದ ಚೀಲದ ಜೊತೆಗೇ ಬೆಳೆ ಬದಲಾವಣೆಯ ನಿಯಮ, ಉಳಿದ ಕಾಡು ಭತ್ತ ಕೀಳುವ ನಿಯಮ ಬರಬೇಕು. ಬರೀ ಚೀಲ ಬಂದರೆ ಸಾಲದು.

ನಮ್ಮ ಕೃಷಿ ವಿಶ್ವವಿದ್ಯಾಲಯಗಳಿಗೆ ನನ್ನದೊಂದು ಕೋರಿಕೆ. ರಾಗಿ ಕೊಯ್ಲಿನ ದಿನ ಯಾವ ಯಾವ ಕಳೆಯ ಬೀಜ ತೆನೆಯಲ್ಲಿದೆ, ಯಾವುದು ಆಗಲೇ ಉದುರಿದೆ ಅಂತ ಜಿಲ್ಲೆವಾರು ಎಣಿಸಿ ಕನ್ನಡದಲ್ಲಿ ಹೊರತನ್ನಿ. ಕಂಬೈನಿಗೆ ಹೊಟ್ಟು ಹಿಡಿಯುವ ಪೆಟ್ಟಿಗೆ ಕಟ್ಟಬೇಕೋ ಬೇಡವೋ ಅಂತ ರೈತರು ತೀರ್ಮಾನ ಮಾಡಲು ಅಷ್ಟು ಮಾಹಿತಿ ಬೇಕು.