ಫ್ಯಾನ್ ಸುಮ್ಮನಿರಿಸೋ ಮುಂಚೆ

ಕಲಬುರಗಿ ಬಿಸಿಲಿಗೆ ಇವತ್ತ ಮಧ್ಯಾಹ್ನದಿಂದ ಸಿಪಿಯು ಫ್ಯಾನ್ ಒಂದೇ ಸಮ ಕೂಗ್ಲಿಕತ್ತದ. ಲಿನಕ್ಸ್‌ನಾಗ ಅದನ್ನ ಸುಮ್ಮನಿರಿಸಬಹುದು. ಅವಸರ ಮಾತ್ರ ಬ್ಯಾಡ.

ಮೊದಲು ಸೆನ್ಸರ್ ಹುಡುಕೋ ಕಮಾಂಡ್ ಸೆನ್ಸರ್ಸ್-ಡಿಟೆಕ್ಟ್ ಓಡಿಸ್ರಿ. ಅದು ಕೇಳಿದ್ದಕ್ಕೆಲ್ಲ ಬರೇ ಎಂಟರ್ ಒತ್ರಿ. ಅದು ತಾನೇ ‘ನೋ’ ತೋರಿಸಿದ್ದಲ್ಲಿ ‘ಯೆಸ್’ ಅನ್ನಬ್ಯಾಡ್ರಿ. ಕೆಲವು ಚಿಪ್ ತಡವಿದ್ರ ಮಷೀನ್ ಹ್ಯಾಂಗ್ ಆಗ್ತದ.

ಆಮೇಲೆ ಫ್ಯಾನ್ ಸೆಟ್ಟಿಂಗ್ ಮಾಡೋ ಕಮಾಂಡ್ ಪಿಡಬ್ಲ್ಯೂಎಂಕಾನ್ಫಿಗ್. ಅದು ಫ್ಯಾನ್ ನಿಲ್ಲಿಸಿ ನೋಡ್ತದ. ಆಗ ಭಾರಿ ಕೆಲಸ ಯಾವುದೂ ನಡೀಬಾರದು.

ಖರೇ ಪೇಚು ಇರೋದು ನಿಂತ ಫ್ಯಾನ್ ಎಬ್ಬಿಸಲಿಕ್ಕೆ ಕೊಡೋ ಅಂಕಿ, ಅಂದ್ರ ಮಿನ್‌ಸ್ಟಾರ್ಟ್‌ನಾಗ. ತಿರುಗೋ ಫ್ಯಾನ್ ಪೂರ್ಣ ಶಕ್ತಿ 255ರಾಗ 60 ಕೊಟ್ರೂ ತಿರುಗಬಹುದು. ನಿಂತದ್ದು ಏಳಬೇಕಂದ್ರ 100 ಬೇಕಾಗಬಹುದು. ಹಂಗಾಗಿ ಈ ಅಂಕಿ, ತಿರುಗೋ ಫ್ಯಾನ್ ನಿಲ್ಲದಂಗ ಇಡೋ ಮಿನ್‌ಸ್ಟಾಪ್‌ಗಿಂತ ಹೆಚ್ಚೇ ಇರಲಿ. ಧೂಳು ಕೂತಿದ್ರ ಇನ್ನಷ್ಟು. ನಮ್ಮೂರ ಧೂಳು ಗೊತ್ತಲ್ಲ!

ಮಿನ್‌ಪಿಡಬ್ಲ್ಯೂಎಂ (ಸಿಪಿಯು ತಣ್ಣಗಿದ್ದಾಗ ಫ್ಯಾನಿಗೆ ಕೊಡೋ ಅಂಕಿ) ಸೊನ್ನೆ ಇಟ್ರ, ನೀವು ಇಟ್ಟ ಕನಿಷ್ಠ ಉಷ್ಣತೆ ಮಿನ್‌ಟೆಂಪ್ ಕೆಳಗ ಫ್ಯಾನ್ ಪೂರಾ ನಿಲ್ತದ. ಸಿಪಿಯು ಫ್ಯಾನಿಗೆ ಅದು ಬ್ಯಾಡ್ರಿ.